ನಕಲಿನ ಒಳಗೊಂದು ‘ಆದರೆ’

ಹೋದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಸಿಂಧನೂರಿಗೆ ಬಂದ ಅಕ್ಕನ ಮಗ ಚೀಲದಲ್ಲಿ ಎರಡು ಕಟ್ಟು ಕಾರ್ಡು ತಂದಿದ್ದ. ಇಸ್ಪೀಟಿನ ಎಲೆಗಳಲ್ಲ, ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟದವು. ಮಾಂತ್ರಿಕರಿಬ್ಬರು ಎದುರುಬದುರು ಕೂತು ದೇವತೆ, ಕರಡಿ, ಡ್ರ್ಯಾಗನ್‌ಗಳನ್ನು ಕರೆದು ಕಾದಾಡಿಸುವ ಆಟ. ಮಧ್ಯಾಹ್ನ ಕರೆಂಟು ಹೋದಾಗ ಪಡಸಾಲೆಯಲ್ಲಿ ಚಾಪೆ ಹಾಸಿ ಶುರುಮಾಡಿದೆವು. ಈ ಆಟದಲ್ಲಿ ಒಂದು ಜೀವಿಯ ಬಲ ಹೆಚ್ಚಿದರೆ ಅದರ ಮೇಲೆ ಗುರುತಿಗೆ ಏನಾದರೂ ಇಡಬೇಕು. ಅವ್ವ ಚೌಕಾಬಾರಕ್ಕೆಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹುಣಸೆ ಬೀಜ ಆ ಕೆಲಸಕ್ಕೆ ಬಂದವು.

ಅವನ ಬಳಿ ಸೆರಾ ಏಂಜೆಲ್ ಇತ್ತು. ಹಾರುವ ದೇವತೆ, ಬಲ 4, ತಾಳಿಕೆ 4. ಅದರ ಮೇಲೆ ಮೂರು ಬೀಜ ಕೂತು ಅದು 7/7 ಆಗಿತ್ತು. ನನ್ನ ಕೈಯಲ್ಲಿದ್ದದ್ದು ಕ್ಲೋನ್. ಮೇಜಿಗೆ ಬರುವಾಗ ಅಲ್ಲಿರುವ ಯಾವುದಾದರೂ ಒಂದು ಜೀವಿಯ ನಕಲಾಗಿ ಬರುವ ಕಾರ್ಡು. ಖುಷಿಯಿಂದ ಅದನ್ನು ಇಟ್ಟು, ಡಬ್ಬಿಯಿಂದ ಮೂರು ಬೀಜ ತೆಗೆಯಲು ಕೈ ಹಾಕಿದೆ. ಅವನು ನನ್ನ ಕೈ ಹಿಡಿದ.

“ಮಾಮಾ, ಬೀಜ ಮುಟ್ಟಬ್ಯಾಡ. ಅವು ಕಾರ್ಡಿನವಲ್ಲ, ಆಟದಾಗ ಬಂದವು.”

ನನ್ನ ದೇವತೆ 4/4 ಆಗಿಯೇ ಉಳಿಯಿತು, ಆ ಆಟ ನಾನು ಸೋತೆ. ಹುಡುಗ ಹೇಳಿದ ಮಾತು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಒಂದನ್ನು ನಕಲು ಮಾಡುವುದೆಂದರೆ ಅದರಿಂದ ಏನನ್ನು ತೆಗೆದುಕೊಳ್ಳುವುದು, ಏನನ್ನು ಬಿಡುವುದು? ಮೂವತ್ತು ವರ್ಷ ದಾಟಿದ ಈ ಆಟ ಈ ಪ್ರಶ್ನೆಯನ್ನು ಹಿಡಿದು ಜಗ್ಗಾಡಿದಷ್ಟು ಬೇರೆ ಯಾವ ಆಟವೂ ಜಗ್ಗಾಡಿರಲಿಕ್ಕಿಲ್ಲ.

ನಮ್ಮ ಕಡೆಯವರಿಗೆ ‘ನಕಲು’ ದಿನಬಳಕೆಯ ಮಾತು. ಅರಬ್ಬಿಯ ‘ನಕ್ಲ್’ ಉರ್ದುವಿನ ಮೂಲಕ ಬಂದದ್ದು. ಮೂಲದಲ್ಲಿ ಅದಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸು ಎಂಬ ಅರ್ಥವೂ ಇದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಸೀಮೆಯಲ್ಲಿ ಕಚೇರಿಯ ಕಾಗದವೆಲ್ಲ ನಕಲಿನ ಮೇಲೆಯೇ ನಡೆಯಿತು, ಈಗಲೂ ನಡೆಯುತ್ತದೆ. ಇದೇ ಬೇರಿನಿಂದ ಬಂದ ‘ನಕಲಿ’ ಅಂದರೆ ಮೋಸದ್ದು. ನಕಲಿಗೆ ಬೆಲೆಯಿಲ್ಲ, ದೃಢೀಕರಿಸಿದ ನಕಲಿಗೆ ಅಸಲಿನಷ್ಟೇ ಬೆಲೆ. ಕಾರ್ಡಿನ ಆಟದ ನಕಲು ಈ ಎರಡನೆಯ ಜಾತಿಯದು. ಕ್ಲೋನ್ ದೇವತೆಯ ವೇಷ ಹಾಕಿಕೊಂಡಿಲ್ಲ, ಅದು ದೇವತೆಯೇ ಆಗಿದೆ. ಅದರ ಹೆಸರು ಕೇಳಿದರೆ ‘ಸೆರಾ ಏಂಜೆಲ್’ ಎಂದೇ ಹೇಳಬೇಕು.

ಮ್ಯಾಜಿಕ್ ಆಟವನ್ನು ಹೊಸೆದವರು ರಿಚರ್ಡ್ ಗಾರ್ಫೀಲ್ಡ್, ಅಮೆರಿಕದ ಗಣಿತಜ್ಞ. ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಅದನ್ನು 1993ರ ಆಗಸ್ಟ್‌ನಲ್ಲಿ ಹೊರತಂದಿತು. ಆಲ್ಫಾ ಎಂದು ಕರೆಯುವ ಆ ಮೊದಲ ಕಂತಿನಲ್ಲೇ ನಕಲು ಮಾಡುವ ನಾಲ್ಕು ಕಾರ್ಡುಗಳಿದ್ದವು. ಕ್ಲೋನ್ ಜೀವಿಯನ್ನು ನಕಲಿಸುತ್ತದೆ, ಕಾಪಿ ಆರ್ಟಿಫ್ಯಾಕ್ಟ್ ಯಂತ್ರ-ಆಯುಧಗಳನ್ನು. ವೆಸುವನ್ ಡಾಪಲ್‌ಗ್ಯಾಂಗರ್ ಬಣ್ಣವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ತೆಗೆದುಕೊಳ್ಳುತ್ತದೆ, ಸಾಲದ್ದಕ್ಕೆ ತನ್ನ ಪ್ರತಿ ಸರದಿಯ ಆರಂಭದಲ್ಲಿ ಇನ್ನೊಂದರ ರೂಪಕ್ಕೆ ಬದಲಾಗಬಹುದು. ಫೋರ್ಕ್ ಜೀವಿಯ ಗೊಡವೆಗೆ ಹೋಗುವುದಿಲ್ಲ, ಹಾಕಿದ ಮಂತ್ರವನ್ನೇ ಇನ್ನೊಮ್ಮೆ ಹಾಕಿಸುತ್ತದೆ. ಮುಂದೆ ಎದ್ದ ತಕರಾರುಗಳ ಬೀಜವೆಲ್ಲ ಈ ನಾಲ್ಕರಲ್ಲೇ ಇತ್ತು.

ಇವತ್ತಿನ ನಿಯಮ ಪುಸ್ತಕದಲ್ಲಿ 707ನೆಯ ನಿಯಮ ಪೂರ್ತಿ ನಕಲಿಗೆ ಮೀಸಲು. ಅದರ ತಿರುಳು ಇಷ್ಟು. ನಕಲು ತೆಗೆದುಕೊಳ್ಳುವುದು ಕಾರ್ಡಿನ ಮೇಲೆ ಅಚ್ಚಾದ ಗುಣಗಳನ್ನು: ಹೆಸರು, ಖರ್ಚು, ಬಣ್ಣ, ಜಾತಿ, ಕೆಳಗೆ ಬರೆದ ಶಕ್ತಿಗಳ ಒಕ್ಕಣೆ, ಬಲ ಮತ್ತು ತಾಳಿಕೆ. ಆಟ ನಡೆಯುತ್ತ ಅದರ ಮೇಲೆ ಬಂದು ಕೂತದ್ದು ಯಾವುದೂ ನಕಲಾಗುವುದಿಲ್ಲ. ಹುಣಸೆ ಬೀಜ ಬರುವುದಿಲ್ಲ, ಮೈಮೇಲೆ ಕಟ್ಟಿದ ತಾಯಿತದಂಥ ಮಂತ್ರಗಳು ಬರುವುದಿಲ್ಲ, ದಣಿದು ಅಡ್ಡ ಮಲಗಿದ್ದರೆ ಆ ದಣಿವು ಬರುವುದಿಲ್ಲ, ತಗುಲಿದ ಗಾಯವೂ ಬರುವುದಿಲ್ಲ. ಯಾರೋ ಮಂತ್ರ ಹಾಕಿ ಡ್ರ್ಯಾಗನ್ನನ್ನು ಈ ಸರದಿಯ ಮಟ್ಟಿಗೆ ಕಪ್ಪೆ ಮಾಡಿದ್ದರೆ, ಅದನ್ನು ನಕಲಿಸಿದವನ ಕೈಗೆ ಕಪ್ಪೆ ಬರುವುದಿಲ್ಲ, ಡ್ರ್ಯಾಗನ್ನೇ ಬರುತ್ತದೆ.

ಇದು ಹೇಗೆ ಸಾಧ್ಯವೆಂದರೆ ನಿಯಮ 613 ಒಂದು ಕಾರ್ಡಿನ ಮೇಲಾಗುವ ಬದಲಾವಣೆಗಳನ್ನೆಲ್ಲ ಏಳು ಪದರಗಳಾಗಿ ಜೋಡಿಸುತ್ತದೆ. ಎಲ್ಲಕ್ಕಿಂತ ಕೆಳಗಿನದು ನಕಲಿನ ಪದರ. ಅದರ ಮೇಲೆ ಯಾರ ವಶದಲ್ಲಿದೆ ಎಂಬುದು, ಆಮೇಲೆ ಒಕ್ಕಣೆಯ ಬದಲಾವಣೆ, ಜಾತಿ, ಬಣ್ಣ, ಶಕ್ತಿಗಳು, ಕೊನೆಗೆ ಬಲ-ತಾಳಿಕೆಯ ಲೆಕ್ಕ. ನಕಲಿಸುವಾಗ ನೋಡುವುದು ಬುಡದ ಪದರವನ್ನು ಮಾತ್ರ. ಬಣ್ಣ ಬಳಿದ ಮನೆಯನ್ನು ನೋಡಿ ಅದರಂತೆಯೇ ಕಟ್ಟಿಕೊಡು ಎಂದರೆ ಗೌಂಡಿ ಬುನಾದಿಯ ಅಳತೆ ಹಿಡಿಯುತ್ತಾನಲ್ಲ, ಹಾಗೆ.

ಇನ್ನೊಂದು ಸೂಕ್ಷ್ಮವೂ ಇದೆ. ಕ್ಲೋನ್ ಮೇಜಿಗೆ ಬಂದ ಮೇಲೆ ಬದಲಾಗುವುದಲ್ಲ, ಬದಲಾಗಿಯೇ ಬರುತ್ತದೆ. ಹೀಗಾಗಿ ‘ಮೇಜಿಗೆ ಬಂದಾಗ ಹೀಗಾಗಲಿ’ ಎಂದು ಮೂಲ ಕಾರ್ಡಿನಲ್ಲಿ ಬರೆದಿದ್ದರೆ ನಕಲಿಗೂ ಅದು ನಡೆಯುತ್ತದೆ. ಅದು ಯಾರನ್ನೂ ‘ಗುರಿ’ ಮಾಡುವುದೂ ಇಲ್ಲ, ಸುಮ್ಮನೆ ನೋಡಿ ಆರಿಸುತ್ತದೆ. ಎದುರಾಳಿಯ ಮಂತ್ರಕ್ಕೆ ಗುರಿಯಾಗದ ರಕ್ಷಣೆ ಪಡೆದ ಜೀವಿಯನ್ನೂ ಅದು ನಕಲಿಸಬಲ್ಲದು ಈ ಕಾರಣಕ್ಕೇ. ನೋಡಲು ಯಾರೂ ಇಲ್ಲದಿದ್ದರೆ ಕ್ಲೋನ್ ಬರೀ 0/0. ಬಂದ ಕ್ಷಣವೇ ಸತ್ತವುಗಳ ರಾಶಿಗೆ ಸೇರುತ್ತದೆ.

ಬೇರೆ ಆಟಗಳು ಬೇರೆ ದಾರಿ ಹಿಡಿದಿವೆ. ಬ್ಲಿಝಾರ್ಡ್ ಸಂಸ್ಥೆ 2014ರಲ್ಲಿ ತಂದ ಹಾರ್ತ್‌ಸ್ಟೋನ್ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಆಡುವ ಕಾರ್ಡಾಟ. ಅಲ್ಲಿಯ ಫೇಸ್‌ಲೆಸ್ ಮ್ಯಾನಿಪ್ಯುಲೇಟರ್ ಇನ್ನೊಂದರ ನಕಲಾಗುವಾಗ ಅದರ ಮೇಲೆ ಕೂತ ಹೆಚ್ಚುವರಿ ಬಲವನ್ನೂ ತಗುಲಿದ ಗಾಯವನ್ನೂ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಅಲ್ಲಿ ಬೀಜವೂ ನಕಲು. ಇದು ನನಗೆ ನಮ್ಮ ಪಹಣಿಯನ್ನು ನೆನಪಿಸುತ್ತದೆ. ಪಹಣಿಯ ನಕಲು ತೆಗೆಸಿದರೆ ಮಾಲೀಕನ ಹೆಸರಿನ ಜತೆಗೆ 11ನೆಯ ಕಾಲಂನ ಸಾಲವೂ ಬರುತ್ತದೆ. ಹೊಲ ಅಷ್ಟೇ ಸಾಕು, ಬ್ಯಾಂಕಿನ ಬೋಜಾ ಬೇಡ ಎನ್ನುವಂತಿಲ್ಲ. ಶಾಸನ ಓದುವವರ ಬಳಿಯೂ ಈ ಎರಡು ಬಗೆ ಇವೆ. ಒದ್ದೆ ಕಾಗದವನ್ನು ಬಂಡೆಗೆ ಒತ್ತಿ ಕುಂಚದಿಂದ ಬಡಿದು ಮಸಿ ಹಚ್ಚಿ ತೆಗೆದ ಪಡಿಯಚ್ಚಿನಲ್ಲಿ ಅಕ್ಷರದ ಜತೆ ಬಂಡೆಯ ಬಿರುಕೂ ಮೂಡುತ್ತದೆ. ಅದನ್ನು ಓದಿ ಬರೆದುಕೊಂಡ ಪಾಠದಲ್ಲಿ ಅಕ್ಷರ ಮಾತ್ರ ಇರುತ್ತದೆ. ಹಾರ್ತ್‌ಸ್ಟೋನ್ ಮಾಡುವುದು ಪಡಿಯಚ್ಚು, ಮ್ಯಾಜಿಕ್ ಮಾಡುವುದು ಪಾಠ.

ಯಾವುದು ಮೇಲು? ನನ್ನ ಒಲವು ಮ್ಯಾಜಿಕ್ ಕಡೆಗೇ. ಯಂತ್ರ ಎಲ್ಲ ಗಾಯವನ್ನೂ ನೆನಪಿಡಬಲ್ಲದು, ಚಾಪೆಯ ಮೇಲೆ ಕೂತ ಇಬ್ಬರು ಮನುಷ್ಯರು ಅಷ್ಟು ನೆನಪಿಡಲಾರರು. ಜಗಳ ಬಂದಾಗ ಇಬ್ಬರೂ ಬೆರಳಿಟ್ಟು ತೋರಿಸಬಹುದಾದದ್ದು ಕಾರ್ಡಿನ ಮೇಲಿನ ಬರಹವೊಂದೇ. ಅದನ್ನೇ ನಕಲಿನ ಗಡಿಯಾಗಿಸಿದ್ದು ನ್ಯಾಯವೂ ಹೌದು, ಅನುಕೂಲವೂ ಹೌದು.

ನಮ್ಮ ರಮ್ಮಿಯ ಜೋಕರ್ ಇದಕ್ಕೆ ದೂರದ ನೆಂಟ. ಅದು ಯಾವ ಎಲೆಯ ಜಾಗದಲ್ಲಾದರೂ ನಿಲ್ಲುತ್ತದೆ, ಶುದ್ಧ ಸೀಕ್ವೆನ್ಸಿಗೆ ಮಾತ್ರ ಸೇರುವಂತಿಲ್ಲ. ಆಟ ಮುಗಿದು ಲೆಕ್ಕ ಹಾಕುವಾಗ ಅದರ ಬೆಲೆ ಸೊನ್ನೆ. ಅಂದರೆ ಜೋಕರ್ ಬದಲಿಗೆ ನಿಂತಿದೆಯೇ ಹೊರತು ಅದೇ ಆಗಿಲ್ಲ. ಪೊಕೆಮಾನ್ ಕಾರ್ಡುಗಳ ಮೊದಲ ಕಂತಿನ ಕ್ಲೆಫೇರಿ ಮತ್ತೊಂದು ಬಗೆ. ಅದರ ಮೆಟ್ರನೋಮ್ ಎಂಬ ಪಟ್ಟು ಎದುರಾಳಿಯ ಪಟ್ಟೊಂದನ್ನು ನಕಲಿಸುತ್ತದೆ, ಆ ಪಟ್ಟಿಗೆ ಬೇಕಾದ ಖರ್ಚನ್ನು ಮಾತ್ರ ಬಿಟ್ಟು.

ನಕಲು ಅತ್ಯಂತ ಇಕ್ಕಟ್ಟಿಗೆ ಸಿಕ್ಕಿಕೊಂಡದ್ದು ಒಬ್ಬರೇ ಇರಬೇಕಾದವರ ವಿಷಯದಲ್ಲಿ. 1994ರ ಲೆಜೆಂಡ್ಸ್ ಕಂತಿನಲ್ಲಿ ಹೆಸರಾಂತ ವೀರರ ಕಾರ್ಡುಗಳು ಬಂದವು. ಅಂಥವರು ಲೋಕಕ್ಕೆ ಒಬ್ಬರೇ. ಒಬ್ಬರಿರುವಾಗ ಇನ್ನೊಬ್ಬರು ಬಂದರೆ ಬಂದವರು ಹೋಗಬೇಕೆಂದು ಆಗಿನ ನಿಯಮ. 2004ರಲ್ಲಿ ಅದು ಬದಲಾಗಿ ಇಬ್ಬರೂ ಹೋಗಬೇಕೆಂದಾಯಿತು. ಅಲ್ಲಿಂದ ಒಂಬತ್ತು ವರ್ಷ ಕ್ಲೋನ್ ಕೊಲೆಗಾರನಾಯಿತು. ಎದುರಾಳಿಯ ವೀರನನ್ನು ನಕಲಿಸಿದರೆ ಸಾಕು, ಇಬ್ಬರೂ ಒಟ್ಟಿಗೆ ನೆಲಕಚ್ಚುತ್ತಿದ್ದರು. ಎಷ್ಟೇ ರಕ್ಷಣೆ ಇದ್ದರೂ ಅದನ್ನು ತಡೆಯುತ್ತಿರಲಿಲ್ಲ, ಕ್ಲೋನ್ ಗುರಿ ಮಾಡುವುದೇ ಇಲ್ಲವಲ್ಲ. 2013ರಲ್ಲಿ ಮತ್ತೆ ತಿದ್ದಿದರು. ಈಗ ಒಬ್ಬ ಆಟಗಾರನ ಬಳಿ ಒಂದೇ ಹೆಸರಿನ ಇಬ್ಬರು ವೀರರಿದ್ದರೆ ಅವನು ಒಬ್ಬನನ್ನು ಉಳಿಸಿಕೊಳ್ಳಬೇಕು, ಎದುರಾಳಿಯ ಬಳಿ ಇರುವವನ ತಂಟೆ ಇಲ್ಲ.

ಅಳಿಯ ಇದನ್ನು ವಿವರಿಸುವಾಗ ನನಗೆ ದಮಯಂತಿಯ ಸ್ವಯಂವರ ಕಣ್ಣಿಗೆ ಕಟ್ಟಿತು. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡದವರಿಗೆಲ್ಲ ಗೊತ್ತಿರುವ ಕತೆ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲಿ ಬಂದು ಸಾಲಾಗಿ ನಿಂತರು. ಐವರು ನಳರು, ಮುಖದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮಹಾಭಾರತ ಹೇಳುವಂತೆ ದಮಯಂತಿ ಕೊನೆಗೆ ಗುರುತು ಹಿಡಿದದ್ದು ಮುಖದಿಂದಲ್ಲ. ನಾಲ್ವರ ಮೈ ಬೆವರಿರಲಿಲ್ಲ, ಕಣ್ಣು ಮಿಟುಕುತ್ತಿರಲಿಲ್ಲ, ಕೊರಳ ಹೂಮಾಲೆ ಬಾಡಿರಲಿಲ್ಲ, ಕಾಲು ನೆಲಕ್ಕೆ ತಾಗಿರಲಿಲ್ಲ. ಐದನೆಯವನ ಮೇಲೆ ಧೂಳಿತ್ತು, ಬೆವರಿತ್ತು, ಮಾಲೆ ಬಾಡಿತ್ತು. ದೇವರು ನಳನ ಮೇಲೆ ಅಚ್ಚಾದದ್ದನ್ನೆಲ್ಲ ನಕಲಿಸಿದ್ದರು, ದಾರಿ ನಡೆದು ಅವನ ಮೈಗೆ ಮೆತ್ತಿದ್ದನ್ನು ನಕಲಿಸಿರಲಿಲ್ಲ. ಆ ಧೂಳು ಹುಣಸೆ ಬೀಜವೇ. ಚಾಪೆಯ ಮೇಲೆ ಎರಡು ಸೆರಾ ಏಂಜೆಲ್ ಇದ್ದಾಗಲೂ ಮೂಲ ಯಾವುದೆಂದು ಹೇಳಿದ್ದು ಆ ಮೂರು ಬೀಜಗಳೇ ಅಲ್ಲವೇ?

ಮಂತ್ರದ ನಕಲಿನ ದಾರಿ ಬೇರೆ. ಫೋರ್ಕ್‌ನಂಥ ಕಾರ್ಡು ಇನ್ನೂ ಫಲ ಕೊಡದೆ ಸಾಲಿನಲ್ಲಿ ಕಾದಿರುವ ಮಂತ್ರವನ್ನು ಹಿಡಿಯುತ್ತದೆ. ಆ ಮಂತ್ರಕ್ಕೆ ಯಾವ ಗುರಿ ಆರಿಸಿದ್ದರೋ, ಎಷ್ಟು ಮೊತ್ತ ಗೊತ್ತುಮಾಡಿದ್ದರೋ ಅದೆಲ್ಲ ನಕಲಿಗೂ ಬರುತ್ತದೆ. ಇಲ್ಲಿ ಮಾತ್ರ ಆಡುವಾಗ ಮಾಡಿದ ಆಯ್ಕೆಯೂ ಬರಹದ ಭಾಗವೆಂದೇ ಲೆಕ್ಕ. ಗುರಿಯನ್ನು ಬೇಕಾದರೆ ಬದಲಿಸಿಕೊಳ್ಳಬಹುದು. ನಕಲಿನ ಮಂತ್ರವನ್ನು ಯಾರೂ ‘ಹಾಕಿದಂತೆ’ ಆಗುವುದಿಲ್ಲ, ಅದರ ಖರ್ಚನ್ನೂ ಯಾರೂ ಕೊಡುವುದಿಲ್ಲ.

ಈ ಕೊನೆಯ ಸಂಗತಿ 2003ರ ಸ್ಕರ್ಜ್ ಕಂತಿನಲ್ಲಿ ಬಿರುಗಾಳಿ ಎಬ್ಬಿಸಿತು. ಅಲ್ಲಿ ಬಂದ ಹೊಸ ಗುಣದ ಹೆಸರೂ ಸ್ಟಾರ್ಮ್. ಈ ಸರದಿಯಲ್ಲಿ ಇದಕ್ಕೂ ಮುನ್ನ ಎಷ್ಟು ಮಂತ್ರ ಹಾಕಿದ್ದಾರೋ ಅಷ್ಟು ನಕಲು ತಾನಾಗಿ ಹುಟ್ಟುತ್ತವೆ. ಈ ಗುಣವಿರುವ ಟೆಂಡ್ರಿಲ್ಸ್ ಆಫ್ ಅಗೊನಿ ಎಂಬ ಮಂತ್ರ ಎದುರಾಳಿಯ ಜೀವದಿಂದ 2 ಕಳೆಯುತ್ತದೆ. ಎಲ್ಲರೂ 20 ಜೀವದಿಂದ ಆಟ ಶುರುಮಾಡುತ್ತಾರೆ. ಒಂಬತ್ತು ಚಿಲ್ಲರೆ ಮಂತ್ರ ಹಾಕಿ ಹತ್ತನೆಯದಾಗಿ ಇದನ್ನು ಹಾಕಿದರೆ ಒಂಬತ್ತು ನಕಲು, ಒಂದು ಮೂಲ, ಒಟ್ಟು 20. ಆಟ ಮುಗಿಯಿತು. ಮೂಲವನ್ನು ಎದುರಾಳಿ ತಡೆದರೂ ನಕಲುಗಳು ನಿಲ್ಲುವುದಿಲ್ಲ, ಅವು ಆಗಲೇ ಬೇರೆಯಾಗಿ ನಿಂತಿರುತ್ತವೆ.

ರಕ್ತಬೀಜನ ಕತೆಯೂ ಈ ಆಟದಲ್ಲಿ ನಡೆದಿದೆ. 2010ರಲ್ಲಿ ಬಂದ ಸ್ಪ್ಲಿಂಟರ್ ಟ್ವಿನ್ ಒಂದು ಜೀವಿಗೆ ಕಟ್ಟುವ ಮಂತ್ರ. ಕಟ್ಟಿಸಿಕೊಂಡ ಜೀವಿ ಅಡ್ಡ ಮಲಗಿ ತನ್ನದೇ ನಕಲೊಂದನ್ನು ಹುಟ್ಟಿಸುತ್ತದೆ. ಇದನ್ನು ಡಿಸೀವರ್ ಎಕ್ಸಾರ್ಕ್ ಎಂಬ ಜೀವಿಗೆ ಕಟ್ಟಿದರು. ಆ ಜೀವಿಗೆ ಮೇಜಿಗೆ ಬಂದಾಗ ಮಲಗಿದ ಒಂದನ್ನು ಎಬ್ಬಿಸುವ ಗುಣವಿದೆ. ಹುಟ್ಟಿದ ನಕಲು ತನ್ನ ಮೂಲವನ್ನು ಎಬ್ಬಿಸಿತು, ಎದ್ದ ಮೂಲ ಮತ್ತೆ ಮಲಗಿ ಇನ್ನೊಂದು ನಕಲು ಹುಟ್ಟಿಸಿತು. ಲೆಕ್ಕವಿಲ್ಲದಷ್ಟು ಸೈನ್ಯ ಒಂದೇ ಸರದಿಯಲ್ಲಿ ಎದ್ದು ನಿಂತಿತು. ಮಾಡರ್ನ್ ಎಂಬ ಸ್ಪರ್ಧಾ ಬಗೆಯಲ್ಲಿ 2016ರ ಜನವರಿಯಲ್ಲಿ ಸ್ಪ್ಲಿಂಟರ್ ಟ್ವಿನ್ ಕಾರ್ಡನ್ನು ನಿಷೇಧಿಸಿದರು. ನಾನು ಮೆಚ್ಚುವುದು ಈ ಕುಣಿಕೆಯ ಒಳಗಿನ ಒಂದು ಸಂಗತಿಯನ್ನು. ನಕಲುಗಳಿಗೆ ಸ್ಪ್ಲಿಂಟರ್ ಟ್ವಿನ್ ಬಂದಿಲ್ಲ, ಅದು ಕಟ್ಟಿದ್ದೇ ಹೊರತು ಅಚ್ಚಾದದ್ದಲ್ಲ. ಆ ನಕಲುಗಳು ತಾವೇ ಮರಿ ಹಾಕಲಾರವು. ಪ್ರತಿಯೊಂದೂ ಮೂಲದ ಬಳಿಗೇ ಹೋಗಿ ಅದನ್ನೇ ಎಬ್ಬಿಸಬೇಕು. ಮೂಲವನ್ನು ಕೊಂದರೆ ಸೈನ್ಯ ಅಲ್ಲಿಗೇ ನಿಲ್ಲುತ್ತದೆ.

ಇತ್ತೀಚಿನ ವರ್ಷಗಳಲ್ಲಿ ನಕಲಿನ ಕಾರ್ಡುಗಳು ಇನ್ನೊಂದು ತಿರುವು ಪಡೆದಿವೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಬರೀ ‘ಇದರಂತೆ ಆಗು’ ಎನ್ನುವ ಕಾರ್ಡು ಈಗ ಕಡಿಮೆ. ‘ಇದರಂತೆ ಆಗು, ಆದರೆ…’ ಎನ್ನುವುದೇ ಹೆಚ್ಚು. 2011ರ ಫ್ಯಾಂಟಾಸ್ಮಲ್ ಇಮೇಜ್ ಯಾವ ಜೀವಿಯ ನಕಲಾದರೂ ಆಗುತ್ತದೆ, ಆದರೆ ಅದೊಂದು ಭ್ರಮೆ. ಯಾರಾದರೂ ಗುರಿಯಿಟ್ಟು ಮುಟ್ಟಿದರೆ ಬಲಿಯಾಗಿ ಹೋಗುತ್ತದೆ. 2019ರ ಸ್ಪಾರ್ಕ್ ಡಬಲ್ ನಿನ್ನದೇ ವೀರನ ನಕಲಾಗುತ್ತದೆ, ಆದರೆ ಅದಕ್ಕೆ ‘ಒಬ್ಬನೇ’ ಎಂಬ ಕಟ್ಟಿಲ್ಲ, ಹೀಗಾಗಿ ಇಬ್ಬರೂ ಉಳಿಯುತ್ತಾರೆ. ಈ ‘ಆದರೆ’ ಹುಣಸೆ ಬೀಜದಂತೆ ಮೇಲೆ ಕೂತದ್ದಲ್ಲ, ಬುಡದ ಪದರಕ್ಕೇ ಸೇರಿದ್ದು. ಹಾಗಾಗಿ ನಕಲಿನ ನಕಲಿಗೂ ಅದು ಬರುತ್ತದೆ. ನನ್ನ ಫ್ಯಾಂಟಾಸ್ಮಲ್ ಇಮೇಜ್ ದೇವತೆಯಾಗಿ ನಿಂತಿರುವಾಗ ಅಳಿಯ ಅದನ್ನು ಕ್ಲೋನ್‌ನಿಂದ ನಕಲಿಸಿದರೆ ಅವನದೂ ಮುಟ್ಟಿದರೆ ಹೋಗುವ ದೇವತೆಯೇ.

ಇದನ್ನು ಅವನು ಹೇಳಿಕೊಟ್ಟ ಮರುದಿನ ಲಿಂಗಸುಗೂರಿನಲ್ಲಿ ನಂಟರ ಮನೆಯ ಕಾರ್ಯವಿತ್ತು. ಮಸ್ಕಿ ದಾರಿಯಲ್ಲೇ ಬರುತ್ತದೆ. ಅವನನ್ನು ಅಶೋಕನ ಬಂಡೆಗೆ ಕರೆದುಕೊಂಡು ಹೋದೆ.

ಅಶೋಕನ ಕಿರು ಬಂಡೆ ಶಾಸನ ಒಂದೇ ಒಕ್ಕಣೆ, ಹಲವು ಬಂಡೆಗಳು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡರು. ಮಸ್ಕಿಯದು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿತ್ತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಆಮೇಲೆ ಸಿಕ್ಕವು. ಎಲ್ಲವೂ ಒಂದರ ನಕಲು. ಆದರೆ ಬ್ರಹ್ಮಗಿರಿಯ ಬಂಡೆಯಲ್ಲಿ ಒಂದು ವಿಚಿತ್ರವಿದೆ. ಸುವರ್ಣಗಿರಿಯಲ್ಲಿದ್ದ ರಾಜಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕುಶಲ ಕೇಳಿ ಕಳಿಸಿದ ಒಕ್ಕಣೆಯನ್ನೂ ಶಾಸನದ ಜತೆಗೇ ಕಲ್ಲಿಗೆ ಇಳಿಸಿದ್ದಾರೆ. ಮೂಲದ್ದಲ್ಲದ, ದಾರಿಯಲ್ಲಿ ಸೇರಿದ ಮಾತು ಬುಡದ ಪದರವಾಗಿ ಮುಂದಿನ ಪ್ರತಿಗೆ ದಾಟಿತು. ಅಳಿಯ ಕೂಡಲೇ ಹೇಳಿದ: “ಫ್ಯಾಂಟಾಸ್ಮಲ್ ಇಮೇಜ್ ಕ್ಲೋನ್ ಮಾಡಿದಂಗ!” ಆ ಸುವರ್ಣಗಿರಿ ಯಾವುದೆಂಬ ಚರ್ಚೆಯಲ್ಲಿ ಮಸ್ಕಿ, ಕನಕಗಿರಿಗಳ ಹೆಸರೂ ಇವೆ. ಹೊರಟ ಜಾಗ ನಮ್ಮ ಕಾಲಡಿಯಲ್ಲೇ ಇರಬಹುದು ಎಂದಾಗ ಅವನು ಸುತ್ತಲಿನ ಗುಡ್ಡಗಳನ್ನೊಮ್ಮೆ ನೋಡಿದ.

ಮಸ್ಕಿಯ ‘ಆದರೆ’ ಇನ್ನೂ ದೊಡ್ಡದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗಿನಿಂದ ಆಗ ಗೊತ್ತಿದ್ದ ಬಂಡೆ, ಕಂಬಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ. ರಾಜನ ಹೆಸರು ಎಲ್ಲೂ ಇಲ್ಲ. ಅವನು ಅಶೋಕನೆಂದು ಸಿಂಹಳದ ಗ್ರಂಥಗಳ ಸಹಾಯದಿಂದ ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆಯ ಮೊದಲ ಸಾಲಿನಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರಿತ್ತು. ಎಪ್ಪತ್ತೆಂಟು ವರ್ಷಗಳ ಊಹೆ ಒಂದೇ ಪದದಿಂದ ಗಟ್ಟಿಯಾಯಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ತುಂಗಭದ್ರೆಯ ಆಚೆ ದಡದ ನಿಟ್ಟೂರು, ಉದೆಗೊಳಂಗಳಲ್ಲಿ ಆ ಹೆಸರು ಮತ್ತೆ ಸಿಕ್ಕಿತು. ಮಸ್ಕಿಯಲ್ಲಿ ಕಡೆದವನು ಬೇರೆ ಬಂಡೆಗಳಂತೆ ಬಿರುದನ್ನಷ್ಟೇ ಕಡೆದು ಬಿಟ್ಟಿದ್ದರೆ 1915ರಲ್ಲಿ ಜಗತ್ತಿಗೆ ಸಿಗುತ್ತಿದ್ದದ್ದು ಇನ್ನೊಂದು ಪ್ರತಿ ಮಾತ್ರ.

ಬರೆಯುವವನ ಕೈಯಲ್ಲಿ ಪ್ರತಿ ಬದಲಾಗುತ್ತದೆಂಬುದು ಅಶೋಕನಿಗೂ ಗೊತ್ತಿತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿರುವ ಅವನ ಹದಿನಾಲ್ಕನೆಯ ಶಾಸನದಲ್ಲಿ, ಕೆಲವು ಕಡೆ ಒಕ್ಕಣೆ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಒಂದು ಕಾರಣವಿರಬಹುದೆಂಬ ಅರ್ಥದ ಮಾತಿದೆ.

ಲಿಂಗಸುಗೂರಿನಿಂದ ಸಂಜೆ ಸಿಂಧನೂರಿಗೆ ಮರಳಿದ ಮೇಲೆ ನಾವೊಂದು ಕೆಲಸಕ್ಕೆ ಕೂತೆವು. ಈ ಕಾರ್ಡುಗಳು ಕನ್ನಡದಲ್ಲಿ ಅಚ್ಚಾಗುವುದಿಲ್ಲ. ನನ್ನ ತಮ್ಮನ ಮಗಳು ಮೂರನೆಯ ಇಯತ್ತೆ, ಎರಡು ದಿನದಿಂದ ಚಾಪೆಯ ಅಂಚಿಗೆ ಕೂತು ಚಿತ್ರ ನೋಡುತ್ತಿದ್ದಳು, ಕಾರ್ಡಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅವಳಿಗಾಗಿ ಒಂದೊಂದು ಕಾರ್ಡಿನ ಒಕ್ಕಣೆಯನ್ನೂ ಸಣ್ಣ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಪ್ಲಾಸ್ಟಿಕ್ ಕವರಿನೊಳಗೆ ಸೇರಿಸುತ್ತ ಹೋದೆವು. ಕ್ಲೋನ್‌ಗೆ ‘ನಕಲು’ ಬರೆಯೋಣವೇ ‘ಪಡಿಯಚ್ಚು’ ಬರೆಯೋಣವೇ ಎಂದು ವಾದವಾಯಿತು. ಪಡಿಯಚ್ಚಿನಲ್ಲಿ ಬಿರುಕೂ ಬರುತ್ತದೆ, ಇಲ್ಲಿ ಬೀಜವೇ ಬರುವುದಿಲ್ಲ ಎಂದು ಅಳಿಯನೇ ತೀರ್ಮಾನ ಹೇಳಿದ. ನಕಲು ಎಂದೇ ಬರೆದೆವು.

ಫ್ಯಾಂಟಾಸ್ಮಲ್ ಇಮೇಜಿನ ಚೀಟಿ ಕೊನೆಯದು. ಅಲ್ಲಿಯ ಷರತ್ತಿಗೆ ‘ಹೊರತು’ ಅನ್ನಲೇ, ‘ವಿನಾ’ ಅನ್ನಲೇ ಎಂದು ನಾನು ಪೆನ್ನು ಹಿಡಿದು ಯೋಚಿಸುತ್ತಿದ್ದೆ. ಹುಡುಗಿ ನನ್ನ ಭುಜದ ಮೇಲಿಂದ ಬಗ್ಗಿ, ಅಲ್ಲಿಯವರೆಗೆ ಬರೆದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ಮೇಜಿಗೆ ಬರುವಾಗ ಇದು ಯಾವುದಾದರೂ ಒಂದು ಜೀವಿಯ ನಕಲಾಗಬಹುದು…” ಅಲ್ಲಿಗೆ ಚೀಟಿ ಖಾಲಿ. “ದೊಡ್ಡಪ್ಪಾ, ಆದ್ರ?” ಎಂದಳು. ಅದನ್ನೇ ಬರೆದೆ.